ಸಿನಿಮಾ ಪೋಸ್ಟರೇ ನಮ್ಮೂರ ಫಾಂಟ್ ಆಗಿದ್ದಾಗ

1982ರಲ್ಲಿ ಇಡೀ ಕರ್ನಾಟಕದ ಗೋಡೆಗಳ ಮೇಲೆ ನಮ್ಮ ತಾಲ್ಲೂಕಿನ ಹೆಸರಿತ್ತು. ಬೆಂಗಳೂರು, ಮೈಸೂರು, ಧಾರವಾಡ, ಎಲ್ಲಿ ನೋಡಿದರೂ ಗೋಕಾಕ್, ಗೋಕಾಕ್, ಗೋಕಾಕ್. ತಮಾಷೆ ಏನಂದ್ರೆ ಅದಕ್ಕೂ ನಮ್ಮ ಊರಿಗೂ ಸಂಬಂಧವೇ ಇರಲಿಲ್ಲ. ವರದಿ ಕೊಟ್ಟ ಸಮಿತಿಯ ಅಧ್ಯಕ್ಷರಾದ ವಿ.ಕೃ. ಗೋಕಾಕರು ಹುಟ್ಟಿದ್ದು 1909ರಲ್ಲಿ, ಸವಣೂರಿನಲ್ಲಿ. ಗೋಕಾಕ ಅನ್ನೋದು ಅವರ ಅಡ್ಡಹೆಸರು, ಅಷ್ಟೇ. ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆಯಾಗಬೇಕು, ಅದಕ್ಕೆ 150 ಅಂಕ ಇರಬೇಕು ಅಂತ 1981ರಲ್ಲಿ ಆ ಸಮಿತಿ ಹೇಳಿತು. ಸರ್ಕಾರ ಮೀನಮೇಷ ಎಣಿಸಿತು. ಸಾಹಿತಿಗಳು ಬೀದಿಗಿಳಿದರು. 1982ರಲ್ಲಿ ಡಾ. ರಾಜ್‌ಕುಮಾರ್ ಚಳವಳಿಗೆ ಬಂದ ಮೇಲೆ ಅದು ಮನೆಮನೆಯ ಮಾತಾಯಿತು.

ಗೋಕಾಕದಲ್ಲಿ ಬೋರ್ಡು ಬರೆಯುತ್ತಿದ್ದ ನಮ್ಮ ಸೋದರಮಾವನಿಗೆ ಆ ವರ್ಷ ರಾತ್ರಿಯೆಲ್ಲ ಕೆಲಸ. 'ಗೋಕಾಕ್ ವರದಿ ಜಾರಿಯಾಗಲಿ' ಅಂತ ಗೋಡೆ ತುಂಬ ಬರೆಯೋದು. "ನಮ್ಮೂರ ಹೆಸರು ನಮ್ಮೂರ ಗ್ವಾಡಿ ಮ್ಯಾಲೆ ಬರದು ಬರದು ನನಗ ನಗು ಬರ್ತಿತ್ತು ನೋಡವಾ. ಹಳ್ಳ್ಯಾಗಿನ ಮಂದಿ ನಮ್ಮೂರಿಗೇ ಏನೋ ಮಂಜೂರಾಗೇತಿ ಅಂತ ತಿಳಕೊಂಡಿದ್ರು" ಅಂತ ಮಾಮಾ ಈಗಲೂ ಹೇಳುತ್ತಾರೆ.

ನನಗೆ ಆಗ ಐದು ವರ್ಷ. ಊರು ಮೂಡಲಗಿ. ಆಗ ಅದು ಗೋಕಾಕ ತಾಲ್ಲೂಕಿನಲ್ಲೇ ಇತ್ತು, ತಾಲ್ಲೂಕು ಆದದ್ದು ಮೊನ್ನೆ ಮೊನ್ನೆ. ಈಗ ಬೆಂಗಳೂರಲ್ಲಿ ಕೂತು ಮೊಬೈಲ್ ಆಪ್‌ಗಳ ಪರದೆ ಮೇಲೆ ಕನ್ನಡ ಹೇಗೆ ಕಾಣಬೇಕು ಅಂತ ನೋಡುವುದು ನನ್ನ ಕೆಲಸ. ಎಂಬತ್ತರ ದಶಕ ಅಂದರೆ ಎಲ್ಲರಿಗೂ ರಾಮಾಯಣ ಸೀರಿಯಲ್ಲು, ಬಾಗಿಲು ಇರೋ ಟೀವಿ, ಎಚ್‌ಎಂಟಿ ವಾಚು ನೆನಪಾಗುತ್ತೆ. ನನಗೆ ಮೊದಲು ನೆನಪಾಗೋದು ಅಕ್ಷರ. ತಗಡಿನ ಮೇಲಿನ, ಗೋಡೆ ಮೇಲಿನ, ಟಾಂಗಾದ ಹಿಂದಿನ ಬಣ್ಣದ ಅಕ್ಷರ. ಅವುಗಳಲ್ಲಿ ಮುಕ್ಕಾಲು ಪಾಲು ಸಿನಿಮಾದಿಂದ ಬಂದಿದ್ದವು ಅನ್ನೋದು ನನಗೆ ತಿಳಿದದ್ದು ಈ ಕೆಲಸಕ್ಕೆ ಸೇರಿದ ಮೇಲೆ.

ಮಂಚದ ಕೆಳಗಿನ ಕಟ್ಟು

ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿ ಒಂದು ಸಿನಿಮಾ ನೂರು ದಿನ ಓಡಿ, ಹುಬ್ಬಳ್ಳಿ, ಬೆಳಗಾವಿ ಮುಗಿಸಿ ನಮ್ಮ ಕಡೆ ಬರುವಾಗ ರೀಲಿನ ಮೇಲೆ ಗೀರು ಬಿದ್ದು ಪೂರ್ತಿ ಮಳೆ ಸುರಿಯುತ್ತಿತ್ತು. ಡಬ್ಬಿಯ ಜೊತೆ ಪೋಸ್ಟರ್ ಕಟ್ಟು ಬರುತ್ತಿತ್ತು. ಶಿವಕಾಶಿಯಲ್ಲೋ ಮದ್ರಾಸಿನಲ್ಲೋ ಅಚ್ಚಾದ ಕಾಗದ. ಮೈದಾ ಅಂಟು ಕಲಸಿ ಗೋಡೆಗೆ ಹಚ್ಚುವ ಹುಡುಗನಿಗೆ ಒಂದು ಚಹಾ ಕುಡಿಸಿ ಮಾಮಾ ಒಂದು ಪೋಸ್ಟರ್ ಇಸಕೊಳ್ಳುತ್ತಿದ್ದರು.

ಅದರಲ್ಲಿ ಹೀರೋ ಮುಖ ಅವರಿಗೆ ಬೇಕಿರಲಿಲ್ಲ. ಹೆಸರು ಬರೆದ ಭಾಗ ಮಾತ್ರ ಕತ್ತರಿಸಿ, ಮಂಚದ ಕೆಳಗೆ ಕಟ್ಟು ಕಟ್ಟಿ ಇಡೋದು. ಗಿರಾಕಿ ಬಂದು "ಅಂಗಡಿಗೆ ಒಂದ್ ಬೋರ್ಡ್ ಬೇಕ್ರಿ" ಅಂದರೆ ಆ ಕಟ್ಟು ಹೊರಗೆ ಬರುತ್ತಿತ್ತು. "ಯಾವ್ದರಂಗ ಬರೀಲಿ, ನೋಡ್ರಿ." ಅವರು ಪುಟ ತಿರುವಿ ಬೆರಳಿಡುತ್ತಿದ್ದರು. ಇವತ್ತು ನಾನು ಕಂಪ್ಯೂಟರಿನಲ್ಲಿ ಫಾಂಟ್ ಪಟ್ಟಿ ಕೆಳಗೆ ಜಾರಿಸುವಾಗ ಮಾಡೋದು ಅದೇ ಕೆಲಸ.

ಫೈಟಿಂಗ್ ಸಿನಿಮಾದ ಅಕ್ಷರಕ್ಕೆ ಬಿರುಕು, ಬೆಂಕಿ. ದೆವ್ವದ ಸಿನಿಮಾದ ಅಕ್ಷರದಿಂದ ರಕ್ತ ತೊಟ್ಟಿಕ್ಕಬೇಕು. ಅತ್ತೆ ಸೊಸೆ ಸಿನಿಮಾ ಆದರೆ ಜಿಲೇಬಿ ಥರ ದುಂಡಗೆ, ತುದಿಗೆ ಬಳ್ಳಿ ಸುರುಳಿ. ಇವೆಲ್ಲ ನಮ್ಮ ಬಜಾರಿಗೆ ಇಳಿದು ಬಂದ ರೀತಿ ನೋಡಿದರೆ ನಗು ಬರುತ್ತೆ. ಹಿಟ್ಟಿನ ಗಿರಣಿಯೊಂದರ ಹೆಸರು ಬಂಡೆ ಒಡೆದ ಹಾಗೆ ಇತ್ತು. ಬಳೆ ಅಂಗಡಿಗೆ ಬಳ್ಳಿ ಅಕ್ಷರ. ರಸಗೊಬ್ಬರದ ಅಂಗಡಿಯವರೊಬ್ಬರು ಹಟ ಹಿಡಿದು ಬೆಂಕಿ ಅಕ್ಷರವೇ ಬೇಕು ಅಂದರಂತೆ. ಗೊಬ್ಬರಕ್ಕೆ ಬೆಂಕಿ ಯಾಕ್ರೀ ಅಂದರೆ, "ದೂರದಿಂದ ಕಾಣಬೇಕೋ ಬ್ಯಾಡೋ" ಅಂದರಂತೆ.

ಬೋರ್ಡು ಮಾಡುವ ವಿಧಾನ ನಿಧಾನದ್ದು. ಕಟ್ಟಿಗೆ ಚೌಕಟ್ಟಿಗೆ ತಗಡು ಬಡಿಯಬೇಕು, ತುಕ್ಕು ಹಿಡಿಯದಂತೆ ಕೆಂಪು ಆಕ್ಸೈಡ್ ಬಳಿಯಬೇಕು, ಅದು ಒಣಗಿದ ಮೇಲೆ ಎನಾಮಲ್ ಬಣ್ಣ. ಸುಣ್ಣದ ಪುಡಿ ಸವರಿದ ದಾರವನ್ನು ಎರಡು ಕಡೆ ಹಿಡಿದು ಟಪ್ ಅಂತ ಬಿಟ್ಟರೆ ನೇರ ಗೆರೆ. ದಾರದ ಇನ್ನೊಂದು ತುದಿ ಹಿಡಿಯುವುದು ಬೇಸಿಗೆ ರಜೆಯಲ್ಲಿ ನನ್ನ ಕೆಲಸ. ಆಮೇಲೆ ಚಾಕ್‌ಪೀಸಿನಲ್ಲಿ ಅಂದಾಜು ಬರೆದು, ಕೈ ನಡುಗದಂತೆ ಒಂದು ಕೋಲಿಗೆ ಮುಂಗೈ ಆನಿಸಿ, ಒಂದೇ ಎಳೆತಕ್ಕೆ ಅಕ್ಷರ. ಕೊನೆಗೆ ನೆರಳು. ನೆರಳು ಯಾವಾಗಲೂ ಎಡಕ್ಕೆ ಬೀಳಬೇಕು, ಇಡೀ ಬಜಾರಿನಲ್ಲಿ ಸೂರ್ಯ ಒಂದೇ ಕಡೆ ಇರಬೇಕು ಅನ್ನೋದು ಮಾಮಾನ ಹಟ.

ಅವರ ಇನ್ನೊಂದು ನಿಯಮ ನನಗೆ ಆಫೀಸಿನಲ್ಲಿ ಇವತ್ತಿಗೂ ಉಪಯೋಗ. ಬೋರ್ಡು ಬರೆಯುವ ಮೊದಲು ಅಕ್ಷರ ಎಣಿಸಬಾರದು, ಒತ್ತು ಎಣಿಸಬೇಕು. 'ಶ್ರೀ ಮಹಾಲಕ್ಷ್ಮೀ ವಸ್ತ್ರ ಭಂಡಾರ' ಅಂತ ಬರೆಯೋದಾದರೆ 'ಕ್ಷ್ಮೀ' ಮತ್ತು 'ಸ್ತ್ರ' ಎರಡೂ ಕೆಳಗೆ ಕಾಲು ಚಾಚುತ್ತವೆ. ಅವಕ್ಕೆ ಮೊದಲೇ ಜಾಗ ಬಿಡದಿದ್ದರೆ ಕೆಳಗಿನ ಸಾಲಿನ ತಲೆ ಮೇಲೆ ಬಂದು ಕೂರುತ್ತವೆ. ನಿಮ್ಮ ಫೋನಿನಲ್ಲಿ ಯಾವುದಾದರೂ ಆಪ್ ಅನ್ನು ಕನ್ನಡಕ್ಕೆ ಬದಲಿಸಿ ನೋಡಿ. ಬಟನ್ನಿನಲ್ಲಿ ಒತ್ತಕ್ಷರದ ಬುಡ ಕತ್ತರಿಸಿರುವುದು ಎಲ್ಲಾದರೂ ಸಿಕ್ಕೇ ಸಿಗುತ್ತೆ. ಇಂಗ್ಲಿಷಿಗೆ ಅಳತೆ ಮಾಡಿದ ಡಬ್ಬಿಯೊಳಗೆ ಕನ್ನಡ ತುರುಕಿದರೆ ಆಗೋದೇ ಹೀಗೆ.

ಮಾಮಾ ಬ್ರಷ್ ಹಿಡಿಯೋದು ಕಲಿತದ್ದು ಯಾವ ಶಾಲೆಯಲ್ಲೂ ಅಲ್ಲ. ಗೋಕಾಕ ಗೊಂಬೆಗೆ ಬಣ್ಣ ಹಾಕುವ ಚಿತ್ರಗಾರರ ಮನೆಯ ಕಟ್ಟೆ ಮೇಲೆ ಕೂತು. ಗೋಕಾಕ ಅಂದ ಕೂಡಲೇ ಹೊರಗಿನವರು ಕರದಂಟು, ಜಲಪಾತ ಅನ್ನುತ್ತಾರೆ. ಹಗುರ ಕಟ್ಟಿಗೆಯ ಆ ಗೊಂಬೆಗಳು, ನಿಜ ಅಂತ ಕಚ್ಚಬೇಕು ಅನ್ನಿಸುವ ಮಣ್ಣಿನ ಹಣ್ಣುಗಳು ಕೂಡ ಊರಿನ ಹೆಮ್ಮೆಯೇ. ಗೊಂಬೆಯ ಹುಬ್ಬು ಎಳೆಯೋದೂ 'ಕ'ಕಾರದ ತಲೆಕಟ್ಟು ಎಳೆಯೋದೂ ಒಂದೇ ಕೈಚಳಕ ಅಂತ ಮಾಮಾನ ವಾದ.

ಎರಡು ಲಿಪಿಯ ಬಜಾರು

ಹುಕ್ಕೇರಿ ಕಡೆ ಹೋದರೆ ಲೆಕ್ಕ ಬೇರೆ. ಹುಕ್ಕೇರಿ, ಸಂಕೇಶ್ವರದ ಜನಕ್ಕೆ ಕೊಲ್ಲಾಪುರ ಪಕ್ಕದ ಊರು, ಬೆಂಗಳೂರು ಒಂದು ರಾತ್ರಿಯ ಪ್ರಯಾಣ. ದಾದಾ ಕೊಂಡ್ಕೆ ಸಿನಿಮಾ, ಅಮಿತಾಭ್ ಸಿನಿಮಾ, ಅಣ್ಣಾವ್ರ ಸಿನಿಮಾ ಮೂರೂ ಒಂದೇ ಗೋಡೆ ಮೇಲೆ ಒಂದರ ಪಕ್ಕ ಒಂದು. ನೋಡುವವರೂ ಅವರೇ.

ಕೊಲ್ಲಾಪುರದ ಹೆಸರು ಸುಮ್ಮನೆ ತೆಗೆಯಲಿಲ್ಲ. ನಾಟಕದ ಪರದೆ ಬರೆಯುತ್ತಿದ್ದ ಬಾಬೂರಾವ್ ಮೇಸ್ತ್ರಿ ಅನ್ನುವವರು ಅಲ್ಲಿ ಮಹಾರಾಷ್ಟ್ರ ಫಿಲ್ಮ್ ಕಂಪನಿ ಕಟ್ಟಿ ಮೂಕಿಚಿತ್ರ ತೆಗೆದರು. ತಮ್ಮ ಸಿನಿಮಾದ ಪೋಸ್ಟರನ್ನು ತಾವೇ ಬರೆಯುತ್ತಿದ್ದ ಅವರು ಚರಿತ್ರೆಯಲ್ಲಿ ಉಳಿದದ್ದು ಬಾಬೂರಾವ್ ಪೇಂಟರ್ ಅಂತಲೇ. ನಮ್ಮ ಕಡೆಯೂ ಪರದೆ ಬರೆಯುವವರಿಗೆ ಬರಗಾಲ ಇರಲಿಲ್ಲ. ಗೋಕಾಕ ಜಲಪಾತದ ಹತ್ತಿರದ ಕೊಣ್ಣೂರಿನ ಹೆಸರಲ್ಲೇ ಒಂದು ಕಾಲದ ಪ್ರಸಿದ್ಧ ನಾಟಕ ಕಂಪನಿ ಇತ್ತು. ಪರದೆಯಿಂದ ಪೋಸ್ಟರಿಗೆ, ಪೋಸ್ಟರಿನಿಂದ ಕಿರಾಣಿ ಅಂಗಡಿಗೆ ಬಣ್ಣ ಹರಿದು ಬಂದ ದಾರಿ ಇದು.

ಹುಕ್ಕೇರಿಯಲ್ಲಿ ಬೋರ್ಡು ಬರೆಯುವವನಿಗೆ ಎರಡು ಲಿಪಿ ಬರಲೇಬೇಕಿತ್ತು. ಮರಾಠಿಯ ತಲೆಗೆರೆ ಪಟ್ಟಿ ಹಿಡಿದು ಎಳೆದ ಹಾಗೆ ನೇರ, ಅಕ್ಷರಗಳು ಅದಕ್ಕೆ ಜೋತುಬೀಳುತ್ತವೆ. ಕನ್ನಡ ದುಂಡು, ಒಂದೊಂದು ಅಕ್ಷರವೂ ತನ್ನ ತಲೆಕಟ್ಟು ತಾನೇ ಹೊತ್ತುಕೊಂಡಿರುತ್ತೆ. ಬೆಳಗ್ಗೆ ಮರಾಠಿ ಬರೆದ ಕೈಗೆ ಮಧ್ಯಾಹ್ನ ಕನ್ನಡ ಸುಲಭಕ್ಕೆ ಒಗ್ಗೋದಿಲ್ಲ, ನಡುವೆ ಒಂದು ತಾಸು ಬಿಡಬೇಕು ಅನ್ನುತ್ತಾರೆ ಮಾಮಾ.

1986ರಲ್ಲಿ ಬೆಳಗಾವಿ ಭಾಗದಲ್ಲಿ ಭಾಷೆಯ ಗಲಾಟೆ ಜೋರಾಯಿತು. ಬೋರ್ಡುಗಳಿಗೆ ಮಸಿ. ಅಂಗಡಿಯವರು ಎರಡೂ ಕಡೆ ಹೆದರಿ ಹೆಸರು ಅಳಿಸೋದು, ಬದಲಿಸೋದು, ಎರಡು ತಿಂಗಳಿಗೆ ಮತ್ತೆ ಬರೆಸೋದು. "ಇವರೂ ಮಸಿ ಬಳದ್ರು, ಅವರೂ ಬಳದ್ರು. ಬರ್ಯಾಕ ಮಾತ್ರ ಇಬ್ಬರೂ ನನ್ನ ಕರದ್ರು. ರೊಕ್ಕ ಬಂತು ಖರೆ, ಕೈ ಕೆಟ್ಟಿತು ಯವ್ವಾ. ನಾನೇ ಬರದದ್ದರ ಮ್ಯಾಲೆ ಮಸಿ ನೋಡೂದು ಚಂದ ಅಲ್ಲ." ಆ ಮಾತು ಹೇಳುವಾಗ ಅವರು ನಗುವುದಿಲ್ಲ.

ಸಂಜೆ ಆಟಕ್ಕೆ ಲೈಟ್ ಹೋದರೆ ಗೋಕಾಕದಲ್ಲಿ ಸರ್ಕಾರವನ್ನು ಬೈಯುತ್ತಿದ್ದರು, ಹುಕ್ಕೇರಿ ತಾಲ್ಲೂಕಿನಲ್ಲಿ ಸೊಸೈಟಿಯನ್ನು. ಅಲ್ಲಿ ಕರೆಂಟು ಕೊಡೋದು 1969ರಲ್ಲಿ ಶುರುವಾದ ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಇದು ಮಾತಿಗೆ ಬಂತು ಅಂತ ಹೇಳಿದೆ.

ತೆರೆಯ ಮೇಲೆ ಯಾರ ಕನ್ನಡ?

ಗೋಡೆ ಮೇಲಿನ ಅಕ್ಷರ ನಮ್ಮದು. ಆದರೆ ತೆರೆಯ ಮೇಲಿನ ಮಾತು ನಮ್ಮದಾಗಿರಲಿಲ್ಲ. ಇದು ಸ್ವಲ್ಪ ಚುಚ್ಚುವ ವಿಷಯ. ಹೀರೋ ಹೀರೋಯಿನ್ ಮೈಸೂರು ಕಡೆಯ ಕನ್ನಡ ಆಡೋರು. 'ಐತಿ', 'ಹೌದ್ರಿ', 'ಹೊಂಟೇನಿ' ಅಂತ ಒಬ್ಬ ಬಂದನೆಂದರೆ ಅವನು ಆಳು, ಇಲ್ಲವೇ ದಡ್ಡ, ಥಿಯೇಟರ್ ನಗಬೇಕು. ನಾವೂ ನಗುತ್ತಿದ್ದೆವು. ಗಡಿಯ ಆಚೆಯಿಂದ ಮರಾಠಿ, ಬೆಂಗಳೂರಿನಿಂದ ಬೇರೆ ಕನ್ನಡ, ನಡುವೆ ನಮ್ಮ ಮಾತು ಬರೀ ಕಾಮಿಡಿ. ಹುಬ್ಬಳ್ಳಿ ಕಾಲೇಜಿಗೆ ಸೇರಿದಾಗ ನಮ್ಮ ಕ್ಲಾಸಿನ ಹುಡುಗಿಯರು ಸಿನಿಮಾ ಕನ್ನಡದಲ್ಲಿ ಮಾತಾಡಲು ತಿಣುಕುತ್ತಿದ್ದದ್ದು ನೋಡಿದರೆ ಅದರ ಪರಿಣಾಮ ಗೊತ್ತಾಗುತ್ತಿತ್ತು. 1990ರಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಬಂತು. ಶ್ರೀಧರ್ ಶರೀಫರು, ಗಿರೀಶ ಕಾರ್ನಾಡರು ಗೋವಿಂದ ಭಟ್ಟರು. ನಮ್ಮ ನೆಲದ ಮಾತನ್ನು ಒಬ್ಬ ಸಂತನ ಬಾಯಲ್ಲಿ ಕೇಳಿ ಅಪ್ಪ ಮನೆಗೆ ಬಂದು ಬಹಳ ಹೊತ್ತು ಸುಮ್ಮನೆ ಕೂತಿದ್ದರು. ಹಾಗಂತ ಸಿನಿಮಾ ಪೂರ್ತಿ ಬದಲಾಯಿತು ಅಂತ ಹೇಳಲಾರೆ.

ಕಥೆಗಳು ಮಾತ್ರ ನಮ್ಮ ಕಡೆಯಿಂದಲೇ ಹೋಗಿದ್ದುಂಟು. ಬೀಳಗಿಯಲ್ಲಿ ಹುಟ್ಟಿ ಗೋಕಾಕದಲ್ಲಿ ಶಿಕ್ಷಕರಾಗಿದ್ದ ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಗಳು ಅರವತ್ತರ ದಶಕದಿಂದಲೇ ಸಿನಿಮಾ ಆದವು. 1962ರ 'ಕರುಣೆಯೇ ಕುಟುಂಬದ ಕಣ್ಣು' ಅವರ 'ಧರ್ಮದೇವತೆ'. 1977ರ 'ಸನಾದಿ ಅಪ್ಪಣ್ಣ' ಕೂಡ ಅವರದೇ ಕಥೆ. ರಾಜ್‌ಕುಮಾರ್ ನಟನೆಗೆ ಸಾಕ್ಷಾತ್ ಬಿಸ್ಮಿಲ್ಲಾ ಖಾನರ ಶಹನಾಯಿ. ಎಂಬತ್ತರ ದಶಕದಲ್ಲೂ ಅದು ನಮ್ಮ ಕಡೆ ಮತ್ತೆ ಮತ್ತೆ ಬರುತ್ತಿತ್ತು, ಜನ ಮತ್ತೆ ಮತ್ತೆ ಹೋಗುತ್ತಿದ್ದರು. ಅವ್ವ ಲೈಬ್ರರಿಯಿಂದ ಕಾದಂಬರಿ ತಂದು ಓದಿ, ಆಮೇಲೆ ಸಿನಿಮಾ ನೋಡಿ, "ಪುಸ್ತಕದಾಗ ಹಿಂಗಿಲ್ಲ" ಅಂತ ಜಗಳ ತೆಗೆಯೋಳು. ಉಷಾ ನವರತ್ನರಾಂ ಅವರ ಕಾದಂಬರಿ ಓದಿದ್ದ ಆಕೆ 1984ರ 'ಬಂಧನ'ಕ್ಕೆ ಮಾತ್ರ ತಕರಾರು ಮಾಡಲಿಲ್ಲ. ವಿಷ್ಣುವರ್ಧನ್ ಇದ್ದರಲ್ಲ!

ಆ ಕಾಲವನ್ನು ಚಂದ ಚಂದ ಅಂತ ನೆನೆಯುವವರು ಒಂದು ಮಾತು ಬಿಟ್ಟುಬಿಡುತ್ತಾರೆ. ಅವ್ವ ಸಿನಿಮಾಕ್ಕೆ ಹೋಗೋದು ಮಧ್ಯಾಹ್ನದ ಆಟಕ್ಕೆ, ಮೂರು ಹೆಂಗಸರು ಜೊತೆಗಿದ್ದರೆ ಮಾತ್ರ. ಗಿರಣಿಯ ಪಗಾರ ಆದ ವಾರ ಗೋಕಾಕದ ಟಾಕೀಸಿನಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಆ ವಾರ ಹೆಂಗಸರು ಆ ಕಡೆ ತಲೆ ಹಾಕುತ್ತಿರಲಿಲ್ಲ. ಶಾಲೆಗೆ ಹೋಗುವ ದಾರಿಯ ಗೋಡೆ ಮೇಲೆ 'ಎ' ಸರ್ಟಿಫಿಕೇಟಿನ ಪೋಸ್ಟರ್ ಹಚ್ಚಿದ್ದರೆ ನಾವು ಹುಡುಗಿಯರು ತಲೆ ತಗ್ಗಿಸಿ ಆ ಇಪ್ಪತ್ತು ಹೆಜ್ಜೆ ದಾಟಬೇಕಿತ್ತು, ಯಾಕಂದ್ರೆ ಎದುರಿನ ಕಟ್ಟೆ ಮೇಲೆ ಕೂತವರು ಪೋಸ್ಟರ್ ಬಿಟ್ಟು ನಮ್ಮನ್ನು ನೋಡುತ್ತಿದ್ದರು. ಆ ಗೋಡೆಯ ಅಕ್ಷರ ಎಷ್ಟೇ ಚೆನ್ನಾಗಿದ್ದರೂ ನನಗೆ ನೆನಪಿಲ್ಲ.

1987ರ 'ಪ್ರೇಮಲೋಕ'ದ ಹೊತ್ತಿಗೆ ಎಲ್ಲದರ ಬಣ್ಣ ಬದಲಾಯಿತು. ರವಿಚಂದ್ರನ್, ಜೂಹಿ ಚಾವ್ಲಾ, ಹಂಸಲೇಖ. ಸಿನಿಮಾ ಬರುವ ಎಷ್ಟೋ ಮೊದಲೇ ಹಾಡುಗಳು ಕ್ಯಾಸೆಟ್ಟಿನಲ್ಲಿ ಮೂಡಲಗಿಗೆ ಬಂದು, ಮದುವೆ ಮನೆಯ ಮೈಕಿನಿಂದ ಊರು ತುಂಬಿದ್ದವು. ಅಲ್ಲಿಯವರೆಗೆ ಕಡುಗೆಂಪು, ಕಡುನೀಲಿ ಕೇಳುತ್ತಿದ್ದ ಗಿರಾಕಿಗಳು ಮಿಂಚುವ ಗುಲಾಬಿ, ಗಿಳಿಹಸಿರು ಕೇಳತೊಡಗಿದರು. ಮೋಟರ್ ಸೈಕಲ್ಲಿನ ಟ್ಯಾಂಕಿಗೆ 'ರೇಡಿಯಂ' ಸ್ಟಿಕ್ಕರ್ ಬಂತು. ಬ್ಲೇಡಿನಲ್ಲಿ ಕತ್ತರಿಸಿ ಅಂಟಿಸಿದರೆ ಆಯ್ತು, ಒಣಗಲು ಕಾಯಬೇಕಿಲ್ಲ. ಮಾಮಾ ಮೊದಲ ಸಲ ಗಾಬರಿಯಾದದ್ದು ಆಗ.

ಆ ದಶಕದ ಒಂದು ಚಿತ್ರ ಮಾತ್ರ ಇನ್ನೂ ರಸ್ತೆ ಮೇಲಿದೆ. 1980ರ 'ಆಟೋ ರಾಜ' ಆದ ಮೇಲೆ ಶಂಕರ್‌ನಾಗ್ ಆಟೋಗಳ ಹಿಂದೆ ಹತ್ತಿ ಕೂತವರು ಇಳಿದೇ ಇಲ್ಲ. ಹತ್ತು ವರ್ಷದ ಮೇಲೆ, 1990ರ ಸೆಪ್ಟೆಂಬರ್ 30ರಂದು, ದಾವಣಗೆರೆ ಹತ್ತಿರದ ಆನಗೋಡಿನಲ್ಲಿ ಅವರ ಕಾರು ಅಪಘಾತಕ್ಕೀಡಾಯಿತು. ಅವರು ಹೊರಟಿದ್ದು 'ಜೋಕುಮಾರಸ್ವಾಮಿ' ಶೂಟಿಂಗಿಗೆ, ಲೋಕಾಪುರಕ್ಕೆ. ಮೂಡಲಗಿಯಿಂದ ಲೋಕಾಪುರ ದೂರವೇನಲ್ಲ. ಶೂಟಿಂಗ್ ನೋಡಲು ಹೋಗೋಣ ಅಂತ ನಮ್ಮ ಓಣಿಯ ಹುಡುಗರು ಟೆಂಪೋ ಮಾತಾಡಿದ್ದರು. ಅವರಿಗೆ 35 ವರ್ಷ. ಮರುದಿನ ಮಾಮಾ ನಾಲ್ಕು ಆಟೋಗಳ ಹಿಂದೆ ಅವರ ಮುಖ ಬರೆದರು, ದುಡ್ಡು ತಗೊಳ್ಳಲಿಲ್ಲ.

ಅಳತೆಗೆ ಕಾನೂನಿದೆ

ಆಮೇಲಿನ ಕಥೆ ನಿಮಗೆ ಗೊತ್ತು. ಶೇಷನ್ ಕಾಲದಲ್ಲಿ ಚುನಾವಣೆಯ ಗೋಡೆ ಬರಹಕ್ಕೆ ಕಡಿವಾಣ ಬಿತ್ತು. ಹೊಸ ಶತಮಾನದಲ್ಲಿ ಫ್ಲೆಕ್ಸ್ ಬಂತು. ಮೂರು ದಿನದ ಕೆಲಸ ಮೂರು ನಿಮಿಷಕ್ಕೆ, ಜೊತೆಗೆ ಫೋಟೋ ಬೇರೆ. ಡಿಟಿಪಿ ಅಂಗಡಿಗಳಲ್ಲಿ ಹೆಚ್ಚು ಬಳಕೆಯಲ್ಲಿದ್ದ ಶ್ರೀಲಿಪಿ ತಯಾರಾದದ್ದು ಪುಣೆಯಲ್ಲಿ. ಬೋರ್ಡಿನ ಮೇಲೆ ಯಾವ ಭಾಷೆ ಅಂತ ಮಸಿ ಬಳಿದಾಡಿದ ನಾಡಿನಲ್ಲಿ ಕೊನೆಗೆ ಕನ್ನಡದ ಅಕ್ಷರ ಪುಣೆಯಿಂದ ಸಿ.ಡಿ.ಯಲ್ಲಿ ಬಂತು, ಯಾರೂ ಗಲಾಟೆ ಮಾಡಲಿಲ್ಲ! ತಪ್ಪು ಅಂತ ಹೇಳುತ್ತಿಲ್ಲ. ಆ ಕಂಪನಿ ಕನ್ನಡಕ್ಕೆ ಮಾಡಿದ ಕೆಲಸ ದೊಡ್ಡದು. ಆದರೆ ಗೋಕಾಕದ ಬೋರ್ಡೂ ಕೋಲಾರದ ಬೋರ್ಡೂ ಒಂದೇ ಥರ ಕಾಣತೊಡಗಿದ್ದು ಅಲ್ಲಿಂದ.

2016ರಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಫ್ಲೆಕ್ಸ್ ನಿಷೇಧಿಸಿದಾಗ ಮಾಮಾ ಬ್ರಷ್ ತೊಳೆದಿಟ್ಟುಕೊಂಡು ಕಾದರು. ಯಾರೂ ಬರಲಿಲ್ಲ. 2024ರಲ್ಲಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ, ಅಂತ ಕಾನೂನಾಯಿತು. ಒಳ್ಳೆಯದೇ. ಆದರೆ ಬೆಂಗಳೂರಿನಲ್ಲಿ ಆ ಅರವತ್ತು ಅಂಶ ಹೇಗಿದೆ ಅಂತ ನಡೆದುಕೊಂಡು ನೋಡಿ. ಇಂಗ್ಲಿಷ್ ಹೆಸರಿಗೆ ಲಕ್ಷಗಟ್ಟಲೆ ಸುರಿದು ಡಿಸೈನ್ ಮಾಡಿಸಿದ ಅಕ್ಷರ, ಅದರ ನೆತ್ತಿಯ ಮೇಲೆ ಕಂಪ್ಯೂಟರಿನಲ್ಲಿ ಮೊದಲು ಸಿಕ್ಕ ಫಾಂಟಿನಲ್ಲಿ ಕನ್ನಡ, ಒತ್ತಕ್ಷರ ಅರ್ಧ ತುಂಡು. ಅಳತೆಗೆ ಕಾನೂನು ಇದೆ, ಆಕಾರ ಯಾರ ಜವಾಬ್ದಾರಿಯೂ ಅಲ್ಲ.

ಇದಕ್ಕೇ ಎರಡು ವರ್ಷದಿಂದ ನಾನು ಊರಿಗೆ ಹೋದಾಗಲೆಲ್ಲ ಹಳೇ ಬೋರ್ಡುಗಳ ಫೋಟೋ ತೆಗೆಯುತ್ತಿದ್ದೇನೆ. ಮಾಮಾನ ಮಂಚದ ಕೆಳಗಿನ ಕಟ್ಟನ್ನು ಎಂದೋ ಗೆದ್ದಲು ತಿಂದಿತ್ತು. ಬೋರ್ಡಿನ ಕೆಳಗಿನ ಮೂಲೆಯಲ್ಲಿ ಸಣ್ಣಕ್ಕೆ 'ಆರ್ಟ್ಸ್, ಗೋಕಾಕ' ಅಂತ ಸಹಿ ಇದ್ದರೆ ಮಾಮಾನದೋ ಅವರ ಜೊತೆಯವರದೋ ಅಂತ ಅವರಿಗೆ ಕಳಿಸುತ್ತೇನೆ. ವಾಟ್ಸ್ಆಪ್‌ನಲ್ಲಿ ಧ್ವನಿ ಸಂದೇಶ ಬರುತ್ತೆ. "ಇದು ನಂದಲ್ಲ, ನೆರಳು ಬಲಕ್ಕ ಬಿದ್ದೈತಿ ನೋಡು."

ಕಳೆದ ದೀಪಾವಳಿಗೆ ಮೂಡಲಗಿಯ ಬಟ್ಟೆ ಅಂಗಡಿಯೊಂದರ ಮುಂದೆ ಹೊಸ ಎಲ್‌ಇಡಿ ಬೋರ್ಡು ಬಂದಿತ್ತು. 'ವಸ್ತ್ರ'ದ ಒತ್ತು ಸರಿಯಾಗಿ ಕೂತಿದ್ದ ಹಳೇ ತಗಡು ಎಲ್ಲಿ ಅಂತ ಕೇಳಿದೆ. "ಅದರಿ? ಪತ್ರಾ ಗಟ್ಟಿ ಇತ್ರಿ ಅಕ್ಕಾರ, ಹೊಲದಾಗ ಎಮ್ಮಿ ಕೊಟಗ್ಯಾಗ ಹೊಚ್ಚೇವಿ" ಅಂದರು ಮಾಲೀಕರು. ಮಾಮಾನನ್ನು ಗಾಡಿಯಲ್ಲಿ ಕೂರಿಸಿಕೊಂಡು ಹೋದೆ. ಅಕ್ಷರದ ಮುಖ ಒಳಗೆ ಮಾಡಿ ಹೊದಿಸಿದ್ದರು. ಮಾಮಾ ಕತ್ತೆತ್ತಿ ಬಹಳ ಹೊತ್ತು ನೋಡಿದರು.

"ಬಿಸಲು ಮಳಿ ಬಿದ್ದಿಲ್ಲ, ಬಣ್ಣ ಹಂಗ ಐತಿ" ಅಂದರು. ಆಮೇಲೆ, "ಫೋಟೋ ತಗಿ. ಎಮ್ಮಿ ಸರಸ್ತೇನಿ, ನಿಲ್ಲು."